ಮೊದಲು ಮೆಡಿಕಲ್, ಆಮೇಲೆ ರಾಜೀನಾಮೆ

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಚಿಕ್ಕಂದಿನಿಂದ ಪೈಲಟ್ ಆಗುವ ಆಸೆ. ಮುಂದಿನ ತಿಂಗಳು ಕೆಲಸ ಬಿಟ್ಟು, ಊರಿನ ತೆಂಗಿನ ತೋಟ ಮಾರಿ ತರಬೇತಿಗೆ ಸೇರಬೇಕು ಅಂತಿದ್ದೇನೆ. ಹೆಂಡತಿ ಒಪ್ಪಿದ್ದಾಳೆ, ಅಪ್ಪ ಮಾತು ಬಿಟ್ಟಿದ್ದಾರೆ. ವಯಸ್ಸು ಅಡ್ಡ ಬರುತ್ತದಾ?
– ಓದುಗರು, ಹಾಸನ ಜಿಲ್ಲೆ

ಉತ್ತರ: ನಾನು ಬ್ಯಾಂಕ್ ಕೆಲಸ ಬಿಟ್ಟು 36ಕ್ಕೆ ಹಾರಲು ಕಲಿತವಳು. ಈಗ ಇನ್‌ಸ್ಟ್ರಕ್ಟರ್. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದಯವಿಟ್ಟು ಮುಂದಿನ ತಿಂಗಳು ಕೆಲಸ ಬಿಡಬೇಡಿ.

ವಯಸ್ಸಿನ ಮಾತು ಮೊದಲು ಮುಗಿಸೋಣ. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್‌ಗೆ 18 ತುಂಬಿರಬೇಕು, ಮೇಲಿನ ಮಿತಿ ಇಲ್ಲ. ಏರ್‌ಲೈನ್‌ನಲ್ಲಿ 65ರವರೆಗೆ ಹಾರಬಹುದು. ಆದರೆ ಹೊಸಬರನ್ನು ತೆಗೆದುಕೊಳ್ಳುವಾಗ ಕಂಪನಿಗಳು ತಮ್ಮದೇ ವಯೋಮಿತಿ ಇಡುವುದುಂಟು. ಅವರ ನೇಮಕಾತಿ ಜಾಹೀರಾತುಗಳನ್ನು ಈಗಲೇ ಓದಿ ನೋಡಿ.

ನಿಮಗೆ ನಿಜವಾದ ಪರೀಕ್ಷೆ ಮೆಡಿಕಲ್. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಿದ ಡಾಕ್ಟರ ಹತ್ತಿರ ಮೊದಲು ಕ್ಲಾಸ್ 2 ತಪಾಸಣೆ, ಆಮೇಲೆ ಸಿಪಿಎಲ್‌ಗೆ ಬೇಕಾದ, ಇನ್ನೂ ಬಿಗಿಯಾದ ಕ್ಲಾಸ್ 1. ನನ್ನ ಕ್ಲಾಸ್ 1 ಆಗಿದ್ದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಸಂಸ್ಥೆಯಲ್ಲಿ. ರಕ್ತ, ಇಸಿಜಿ, ಕಿವಿ, ಕಣ್ಣು, ಎಲ್ಲ ನೋಡುತ್ತಾರೆ. ಕನ್ನಡಕ ಇದ್ದರೂ ಚಿಂತೆಯಿಲ್ಲ, ಹಾಕಿಕೊಂಡಾಗ ದೃಷ್ಟಿ ಸರಿ ಬಂದರೆ ಸಾಕು. ಅವತ್ತು ನನ್ನ ಪಕ್ಕ ಕೂತಿದ್ದವರು ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಲಾಗದೆ ಹೊರಗೆ ಬಂದರು. ಬಣ್ಣ ಗುರುತಿಸುವ ತೊಂದರೆ ಇದೆ ಅಂತ ಅಲ್ಲಿಯವರೆಗೆ ಅವರಿಗೇ ಗೊತ್ತಿರಲಿಲ್ಲ. ಕೆಲಸಕ್ಕೆ ಆಗಲೇ ರಾಜೀನಾಮೆ ಕೊಟ್ಟು ಬಂದಿದ್ದರು. ಫೈಲಿನ ದಾರವನ್ನು ಕಟ್ಟೋದು, ಬಿಚ್ಚೋದು, ಮತ್ತೆ ಕಟ್ಟೋದು ಮಾಡುತ್ತ ಕೂತಿದ್ದರು. ಆ ಕೈಗಳು ನನಗೆ ಇವತ್ತಿಗೂ ನೆನಪಿವೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೆಡಿಕಲ್ ಪಾಸಾದರೂ ಕೆಲಸ ಬಿಡುವ ಅವಸರ ಬೇಡ. ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಓದಿದ್ದರೆ ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್, ಅಂದರೆ ಪರೀಕ್ಷೆಗೆ ಬೇಕಾದ ನೋಂದಣಿ ಸಂಖ್ಯೆ ತಗೊಂಡು ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್ಸ್, ಟೆಕ್ನಿಕಲ್ ಪೇಪರ್‌ಗಳನ್ನು ಕಟ್ಟಿ. ಪಾಸಾಗಲು ನೂರಕ್ಕೆ 70 ಅಂಕ ಬೇಕು. ನಾನು ಬೆಳಗ್ಗೆ ನಾಲ್ಕೂವರೆಗೆ ಎದ್ದು ಓದಿ, ಹತ್ತಕ್ಕೆ ಕೌಂಟರಿನಲ್ಲಿ ಕೂರುತ್ತಿದ್ದೆ. ಕಷ್ಟ, ಆದರೆ ಸಂಬಳ ಬರುತ್ತಿತ್ತು.

ಇನ್ನು ದುಡ್ಡು. ಸಿಪಿಎಲ್‌ಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ನೀವೇ ಕಮಾಂಡ್‌ನಲ್ಲಿರಬೇಕು, ಅಂದರೆ ವಿಮಾನದ ಹೊಣೆ ನಿಮ್ಮದೇ ಆಗಿರಬೇಕು. ಖರ್ಚು ಹತ್ತಾರು ಲಕ್ಷದ ಲೆಕ್ಕ. ಏರ್‌ಲೈನ್ ವಿಮಾನದ ಟೈಪ್ ರೇಟಿಂಗ್‌ಗೆ, ಅಂದರೆ ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ, ಮತ್ತೆ ಬೇರೆ ದುಡ್ಡು. ನಾನು ಮಾಡಿದ ತಪ್ಪು ಹೇಳುತ್ತೇನೆ. ನಾನು ಸೇರಿದ ಶಾಲೆಯಲ್ಲಿ ಪೂರ್ತಿ ಫೀಸು ಮೊದಲೇ ಕಟ್ಟಿಬಿಟ್ಟೆ. ಇದ್ದ ನಾಲ್ಕು ವಿಮಾನಗಳಲ್ಲಿ ಹಾರುತ್ತಿದ್ದದ್ದು ಒಂದು. ತಿಂಗಳಿಗೆ ಮೂರೋ ನಾಲ್ಕೋ ಗಂಟೆ ಸಿಗುತ್ತಿತ್ತು. ಉಳಿದ ದಿನ ಹ್ಯಾಂಗರಿನ ಮುಂದೆ ಸುಮ್ನೆ ಕಾಯೋದು. ಇಪ್ಪತ್ತರ ಹುಡುಗರಿಗೆ ಒಂದು ವರ್ಷ ಹೋದರೆ ಹೋಯಿತು. ಏರ್‌ಲೈನ್‌ನಲ್ಲಿ ಸೀನಿಯಾರಿಟಿ ಶುರುವಾಗೋದು ಸೇರಿದ ದಿನದಿಂದ, ಹಾಗಾಗಿ ನಮಗೆ ಆ ಒಂದು ವರ್ಷವೇ ತುಂಬಾ ದುಬಾರಿ. ನೀವು ಶಾಲೆಗೆ ಹೋದಾಗ ಎಷ್ಟು ವಿಮಾನ ಇವೆ ಅಂತ ಕೇಳಬೇಡಿ. ನಿನ್ನೆ ಎಷ್ಟು ಹಾರಿದವು ಅಂತ ಕೇಳಿ. ಅಲ್ಲಿನ ವಿದ್ಯಾರ್ಥಿಗಳನ್ನು ಹೊರಗೆ ಟೀ ಅಂಗಡಿಯಲ್ಲಿ ಮಾತಾಡಿಸಿ, ಹಾರಿದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ ತೋರಿಸಿ ಅನ್ನಿ. ದುಡ್ಡು ಕಂತಿನಲ್ಲೇ ಕಟ್ಟಿ.

ತೋಟ ಮಾರುವುದು ನನಗೆ ಇಷ್ಟವಿಲ್ಲ. ಲೈಸೆನ್ಸ್ ಬಂದ ಮೇಲೂ ಕೆಲಸಕ್ಕೆ ಒಂದೆರಡು ವರ್ಷ ಕಾದವರನ್ನು ಕಂಡಿದ್ದೇನೆ. ಆಗ ಮನೆ ನಡೆಸಲು ಏನಾದರೂ ಇರಬೇಕು, ಅಲ್ವಾ?

ಹಾಗಂತ ಬೇಡ ಅನ್ನುತ್ತಿಲ್ಲ. ನಾನು ಮೊದಲ ಸಲ ಒಬ್ಬಳೇ ಹಾರಿದ ಸೋಲೋ ದಿನ ಇನ್‌ಸ್ಟ್ರಕ್ಟರ್ ಇಳಿದು, ಪಕ್ಕದ ಸೀಟಿನ ಬೆಲ್ಟನ್ನು ಬಿಗಿಯಾಗಿ ಕಟ್ಟಿ, ಬಾಗಿಲು ಹಾಕಿಕೊಂಡು ಹೋದರು. ಅವರ ಭಾರ ಕಮ್ಮಿಯಾಗಿದ್ದಕ್ಕೆ ವಿಮಾನ ದಿನಕ್ಕಿಂತ ಬೇಗ ನೆಲ ಬಿಟ್ಟಿತು. ಆ ಖಾಲಿ ಸೀಟು ನೋಡಿ ಕಣ್ಣು ತುಂಬಿ ಬಂತು. ಆ ದಿನ ನಿಮಗೂ ಬರಲಿ ಅಂತ ನನ್ನಾಸೆ.

ಈ ವಾರವೇ ಕ್ಲಾಸ್ 2ಗೆ ಸಮಯ ಗೊತ್ತು ಮಾಡಿ. ಶಾಲೆ ನೋಡಲು ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ತೋಟ ಮಾರುವುದಿಲ್ಲ ಅಂತ ಮೊದಲೇ ಹೇಳಿ ಕರೆಯಿರಿ, ಬರುತ್ತಾರೆ.