ಓದುಗರ ಪ್ರಶ್ನೆ: ಪಂಪಿನ ಬಾಯಲ್ಲಿ ಶುದ್ಧವಿದ್ದ ನೀರು ಲೋಟಕ್ಕೆ ಬರುವಷ್ಟರಲ್ಲಿ

ಪ್ರಶ್ನೆ: ನಮ್ಮ ಹಳ್ಳಿಯ ಕೈಪಂಪಿನ ನೀರು ಕುಡಿಯಲು ಯೋಗ್ಯವೆಂದು ಪ್ರಯೋಗಾಲಯದ ವರದಿ ಬಂದಿದೆ. ಆದರೂ ಮಳೆಗಾಲ ಹಿಡಿಯಿತೆಂದರೆ ಮಕ್ಕಳಿಗೆ ಭೇದಿ ತಪ್ಪುವುದಿಲ್ಲ. ವರದಿಯನ್ನು ನಂಬಬಹುದೇ?

ಉತ್ತರ: ನಂಬಿ, ಆದರೆ ಅದು ಹೇಳಿದಷ್ಟನ್ನು ಮಾತ್ರ ನಂಬಿ. ಪಂಪಿನ ಬಾಯಲ್ಲಿ ಹಿಡಿದ 100 ಮಿಲಿಲೀಟರ್ ನೀರಿನಲ್ಲಿ, ಮಲ ಬೆರೆತಿರುವುದರ ಸೂಚಕವಾದ ಇ. ಕೋಲಿ ಬ್ಯಾಕ್ಟೀರಿಯಾ ಆ ದಿನ ಕಾಣಲಿಲ್ಲ ಎಂಬುದಷ್ಟೇ ಅದರ ಅರ್ಥ. ಮಾದರಿಯನ್ನು ಬೇಸಿಗೆಯಲ್ಲಿ ತೆಗೆದಿದ್ದರೆ ಮಳೆಗಾಲದಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಪಂಪಿನ ಕಟ್ಟೆ ಬಿರುಕುಬಿಟ್ಟಿದ್ದು, ಚೆಲ್ಲಿದ ನೀರು ಹರಿದುಹೋಗದೆ ಅಲ್ಲಿಯೇ ನಿಂತು ದನಗಳು ತುಳಿಯುವ ಕೆಸರಾಗಿದ್ದರೆ, ಆ ಕೊಳೆ ಕೊಳವೆಯ ಹೊರಮೈಗುಂಟ ಕೆಳಗಿಳಿಯಬಲ್ಲದು.

ಕಟ್ಟೆ ಚೆನ್ನಾಗಿದ್ದರೆ ಹುಡುಕಬೇಕಾದದ್ದು ಮನೆಯೊಳಗೆ. ಹೀಗೆಂದರೆ ಮನೆಯವರಿಗೆ ಸಿಟ್ಟು ಬರುವುದು ಸಹಜ, ಆದರೂ ಹೇಳಲೇಬೇಕು. ಕೊಡ ಖಾಲಿಯಾದಾಗ ಅದರ ಒಳಮೈಯಲ್ಲಿ ಬೆರಳಾಡಿಸಿ ನೋಡಿ. ಜಾರುವ ಲೋಳೆ ಸಿಕ್ಕಿದರೆ ಅದು ಸೂಕ್ಷ್ಮಜೀವಿಗಳು ಕಟ್ಟಿಕೊಂಡ ಪದರ. ನೀರು ಕುಲುಕಿ ಚೆಲ್ಲಿದ ಮಾತ್ರಕ್ಕೆ ಹೋಗುವಂಥದಲ್ಲ, ಉಜ್ಜಿಯೇ ತೆಗೆಯಬೇಕು. ಅಗಲ ಬಾಯಿಯ ಪಾತ್ರೆಗೆ ಲೋಟ ಅದ್ದಿದಾಗ ಅದರ ಜೊತೆಗೆ ಎರಡು ಬೆರಳೂ ನೀರಿಗಿಳಿಯುತ್ತವೆ; ಅದು ಸ್ವಲ್ಪ ಮೊದಲು ಮಗುವಿನ ಮಲ ತೊಳೆದ ಕೈಯಾಗಿದ್ದರೆ, ಪ್ರಯೋಗಾಲಯ ಒಪ್ಪಿದ ನೀರು ಆ ಗಳಿಗೆಯಲ್ಲೇ ಕೆಡುತ್ತದೆ. ಎಳೆಯ ಮಕ್ಕಳ ಮಲದಲ್ಲಿ ದೋಷವಿಲ್ಲವೆಂಬ ನಂಬಿಕೆಯೂ ತಪ್ಪು. ಅದನ್ನೂ ಶೌಚಾಲಯಕ್ಕೇ ಹಾಕಬೇಕು.

ಕಿರಿದಾದ ಬಾಯಿಯ, ಮುಚ್ಚಳವುಳ್ಳ, ಸಾಧ್ಯವಾದರೆ ತಳದಲ್ಲಿ ನಲ್ಲಿಯಿರುವ ಪಾತ್ರೆಯಲ್ಲಿ ಕುಡಿಯುವ ನೀರನ್ನು ಇಡಿ. ಅದಿಲ್ಲವಾದರೆ ಉದ್ದ ಹಿಡಿಯ ಸೌಟೊಂದನ್ನು ಇದಕ್ಕೆಂದೇ ಗೋಡೆಗೆ ತೂಗುಹಾಕಿ. ಇಷ್ಟಾದ ಮೇಲೂ ಸಂದೇಹ ಉಳಿದರೆ ಕ್ಲೋರಿನ್ ಬಳಸಿ. ನೀರಿಗೆ ಬೆರೆಸಿ 30 ನಿಮಿಷ ಕಳೆದ ಮೇಲೆ ಲೀಟರಿಗೆ 0.5 ಮಿಲಿಗ್ರಾಂನಷ್ಟು, ಮನೆಯಲ್ಲಿ ಕುಡಿಯುವ ಹೊತ್ತಿಗೆ ಕನಿಷ್ಠ 0.2 ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗೆ ಉಳಿದ ಅಂಶವೇ ಆಮೇಲೆ ಬೆರೆಯುವ ಕೊಳೆಯನ್ನೂ ತಡೆಯುವ ಕಾವಲು. ಆದರೆ ಕಲಕು ನೀರಿನಲ್ಲಿ ಮಣ್ಣು, ಕಸಕಡ್ಡಿಗಳೇ ಕ್ಲೋರಿನ್ನನ್ನು ನುಂಗಿಬಿಡುತ್ತವೆ; ಮೊದಲು ತಿಳಿಯಾಗಲು ಬಿಟ್ಟು ಸೋಸಿಕೊಳ್ಳಬೇಕು. ಕ್ಲೋರಿನ್ ಒದಗಿಸುವ ಬ್ಲೀಚಿಂಗ್ ಪುಡಿಯನ್ನು ಬಾಯಿ ತೆರೆದಿಟ್ಟರೆ ಅದು ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ: ನೀರನ್ನು ಕುದಿಸಿ ಕುಡಿದರೆ ಎಲ್ಲ ದೋಷವೂ ಹೋಗುತ್ತದೆಯಲ್ಲವೇ?

ಉತ್ತರ: ರೋಗಾಣುಗಳು ಸಾಯುತ್ತವೆ; ನೀರಿನಲ್ಲಿ ಕರಗಿರುವ ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್‌ನಂಥ ಹಾನಿಕರ ರಾಸಾಯನಿಕಗಳು ಹೋಗುವುದಿಲ್ಲ. ಕುದಿಯುವಾಗ ನೀರು ಆವಿಯಾಗಿ ಕಡಿಮೆಯಾಗುವುದರಿಂದ ಅವುಗಳ ಪ್ರಮಾಣ ತುಸು ಹೆಚ್ಚೇ ಆಗುತ್ತದೆ. ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಂಗ್ಲಾದೇಶದಲ್ಲಿ ಕೊಳಗಳ ರೋಗಾಣುಗಳಿಂದ ಜನರನ್ನು ಕಾಪಾಡಲೆಂದು 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿಗಳನ್ನು ಕೊರೆಯಲಾಯಿತು. ಅಲ್ಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ಖಚಿತವಾದದ್ದು 1993ರಲ್ಲಿ. ಆಮೇಲೆ ಪರೀಕ್ಷಿಸಿದ ಪಂಪುಗಳಿಗೆ ಕೆಂಪು, ಹಸಿರು ಬಣ್ಣ ಬಳಿದರು. ಅಕ್ಷರ ಬಾರದವರೂ ಓದಬಲ್ಲ ಇಂಥ ವರದಿ ನನಗೆ ಬಹಳ ಹಿಡಿಸುತ್ತದೆ. ಹೊಸ ಬಾವಿ ಕೊರೆದಾಗ ರಾಸಾಯನಿಕ ಪರೀಕ್ಷೆಯನ್ನು ಬಿಡಬೇಡಿ.

ಪ್ರಶ್ನೆ: ನಮ್ಮದು ಜೋಡಿ ಗುಂಡಿಯ ಶೌಚಾಲಯ. ಎರಡೂ ಗುಂಡಿ ಒಟ್ಟಿಗೇ ತುಂಬಿವೆ. ಏನು ಮಾಡುವುದು? ಬಾವಿಗೆ ಎಷ್ಟು ದೂರವಿರಬೇಕು?

ಉತ್ತರ: ಎರಡೂ ಒಟ್ಟಿಗೆ ತುಂಬಿದವೆಂದರೆ ಕವಲು ತೊಟ್ಟಿಯಲ್ಲಿ ಎರಡೂ ದಾರಿ ತೆರೆದಿತ್ತೆಂದೇ ಅರ್ಥ. ಕಟ್ಟಿದವರು ಹೇಳದೆ ಹೋಗುವ ಸಂಗತಿ ಇದು. ಶೌಚಾಲಯಕ್ಕೂ ಗುಂಡಿಗಳಿಗೂ ನಡುವೆ ಇರುವ ಆ ಪುಟ್ಟ ತೊಟ್ಟಿಯ ಮುಚ್ಚಳ ತೆಗೆದು, ಒಂದು ದಾರಿಗೆ ಇಟ್ಟಿಗೆಯಿಟ್ಟು ಮಣ್ಣು ಮೆತ್ತಿ ಮುಚ್ಚಿರಬೇಕು. ಮೊದಲ ಗುಂಡಿ ತುಂಬಿದ ಮೇಲಷ್ಟೇ ಹರಿವನ್ನು ಇನ್ನೊಂದಕ್ಕೆ ತಿರುಗಿಸಬೇಕು. ತುಂಬಿದ ಗುಂಡಿಯನ್ನು ಬೆಚ್ಚಗಿನ ಸೀಮೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು, ತಂಪು ಸೀಮೆಯಲ್ಲಿ ಎರಡು ವರ್ಷ ಮುಟ್ಟದೆ ಬಿಟ್ಟರೆ ಅದು ಗೊಬ್ಬರವಾಗುತ್ತದೆ. ಜಂತುಹುಳುವಿನ ಮೊಟ್ಟೆಗಳು ಬಲು ಗಟ್ಟಿ, ಅವುಗಳಿಗಾಗಿಯೇ ಇಷ್ಟು ಕಾಯಬೇಕು. ಈಗಿನ ಹಸಿ ಮಲವನ್ನು ಯಾರೂ ಗುಂಡಿಗಿಳಿದು ತೆಗೆಯಬಾರದು, ವಿಷಾನಿಲದಿಂದ ಜೀವಹೋಗುತ್ತದೆ. ಯಂತ್ರದಿಂದ ಖಾಲಿ ಮಾಡಿಸಿ, ಅದನ್ನು ಹೊಲಕ್ಕೋ ಹಳ್ಳಕ್ಕೋ ಸುರಿಯದಂತೆ ನೋಡಿಕೊಂಡು, ಮುಂದೆ ಸರದಿಯಂತೆ ಬಳಸಿ. ಬಾವಿಯಿಂದ 30 ಮೀಟರ್ ದೂರ, ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ 1.5 ಮೀಟರ್ ಮಣ್ಣು ಇರಬೇಕೆಂಬುದು ಸಾಮಾನ್ಯ ನಿಯಮ. ಬಿರುಕುಬಂಡೆಯ ನೆಲದಲ್ಲಿ ಇದೂ ಸಾಲದು.

ಪ್ರಶ್ನೆ: ಸಾಬೂನಿದ್ದರೂ ಮನೆಯಲ್ಲಿ ಯಾರೂ ಕೈ ತೊಳೆಯುವುದಿಲ್ಲ.

ಉತ್ತರ: ಸಾಬೂನು ಎಲ್ಲಿದೆ ಎಂದು ನೋಡಿ. ಶೌಚಾಲಯ ಹಿತ್ತಲಿನಲ್ಲಿದ್ದು ಸಾಬೂನು ಬಚ್ಚಲಿನಲ್ಲಿದ್ದರೆ ದಾರಿಯಲ್ಲೇ ಮರೆತುಹೋಗುತ್ತದೆ. ಶೌಚಾಲಯದ ಬಾಗಿಲ ಬಳಿ, ಅಡುಗೆ ಮಾಡುವಲ್ಲಿ ಒಂದೊಂದು ಇಡಿ. ಜೊತೆಗೆ ನೀರು ತುಂಬಿದ ಡಬ್ಬಿಯನ್ನು ಕೋಲಿಗೆ ತೂಗುಹಾಕಿ, ಅದಕ್ಕೆ ಕಟ್ಟಿದ ಹಗ್ಗವನ್ನು ಕಾಲಿನಿಂದ ಮೆಟ್ಟಿದಾಗ ಡಬ್ಬಿ ಬಾಗುವಂತೆ ಮಾಡಿದರೆ, ಕೊಳೆಗೈಯಿಂದ ಏನನ್ನೂ ಮುಟ್ಟದೆ ಒಂದು ಲೋಟಕ್ಕೂ ಕಡಿಮೆ ನೀರಿನಲ್ಲಿ ತೊಳೆದುಕೊಳ್ಳಬಹುದು. ಸಾಬೂನಿಗೂ ತೂತು ಕೊರೆದು ಹಗ್ಗ ಪೋಣಿಸಿ. ಕೆಸರಿಗೂ ಬೀಳದು, ಕಾಗೆಯೂ ಒಯ್ಯದು.