ಆನ್‌ಲೈನ್ ನಿಘಂಟಿನ ‘ದಿನಕ್ಕೊಂದು ಪದ’ಕ್ಕೆ ಎಂಥ ಪದ ಆರಿಸಬೇಕು?

ನನ್ನ ಪ್ರಕಾರ ಓದುಗರಿಗೆ ಅರ್ಧಂಬರ್ಧ ಗೊತ್ತಿರುವ ಪದವೇ ಒಳ್ಳೆಯದು. ಪೂರ್ತಿ ಗೊತ್ತಿದ್ದರೆ ಯಾರೂ ಒತ್ತಿ ನೋಡುವುದಿಲ್ಲ. ಏನೇನೂ ಗೊತ್ತಿಲ್ಲದಿದ್ದರೆ ನೋಡಿ ಮರೆತುಬಿಡುತ್ತಾರೆ. ‘ಎಡತಾಕು’ ತಗೊಳ್ಳಿ. ‘ಪಿಂಚಣಿಗಾಗಿ ಕಚೇರಿಗೆ ಎಡತಾಕಿದರು’ ಅಂತ ಪೇಪರಿನಲ್ಲಿ ಓದಿರುತ್ತೇವೆ. ಮತ್ತೆ ಮತ್ತೆ ಹೋಗಿಬರುವುದು ಅಂತ ಅಂದಾಜಿರುತ್ತದೆ. ಬಿಡಿಸಿ ಹೇಳಿ ಅಂದರೆ ತಡವರಿಸುತ್ತೇವೆ, ಅಲ್ವಾ?

ದಿನಕ್ಕೆ ಹೊಂದುವ ಪದ ಸಿಕ್ಕರೆ ಇನ್ನೂ ಚೆನ್ನ. ಯುಗಾದಿಗೆ ಎಲ್ಲರೂ ಬೇವು–ಬೆಲ್ಲವನ್ನೇ ಹಾಕುತ್ತಾರೆ. ನಾನಾದರೆ ‘ಹೊನ್ನಾರು’ ಹಾಕುತ್ತೇನೆ. ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ಎತ್ತು, ನೇಗಿಲಿಗೆ ಪೂಜೆ ಮಾಡಿ ವರ್ಷದ ಮೊದಲ ಉಳುಮೆ ಮಾಡುವ ಶಾಸ್ತ್ರ ಅದು. ಇಲ್ಲಿನ ‘ಆರು’ ಅಂಕಿಯಲ್ಲ, ಎತ್ತು ಕಟ್ಟಿದ ನೇಗಿಲು. ಇಂಥದ್ದನ್ನು ಜನ ತಾವಾಗಿಯೇ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ.

ಪದಗಳು ಬರೀ ಬೆಂಗಳೂರು–ಮೈಸೂರಿನವೇ ಆಗಬಾರದು. ಈರುಳ್ಳಿ ಧಾರವಾಡದ ಕಡೆ ಉಳ್ಳಾಗಡ್ಡಿ, ಕರಾವಳಿಯಲ್ಲಿ ನೀರುಳ್ಳಿ. ಇದನ್ನು ಹಾಕಿದ ದಿನ ‘ನಮ್ಮಲ್ಲಿ ಹೀಗೆ ಅಂತೀವಿ’ ಎಂದು ಹೇಳುವವರೇ ಜಾಸ್ತಿ.

ಕಿಟೆಲ್ ಅವರ 1894ರ ನಿಘಂಟು ಹಳೆಯ ಪದಗಳಿಗೆ ದೊಡ್ಡ ಗಣಿ. ಹಾಗಂತ ಸುಮ್ನೆ ದಿನಾ ಹಳಗನ್ನಡ ತುಂಬಬೇಡಿ, ಓದುವವರಿಗೆ ಪರೀಕ್ಷೆ ಬರೆದ ಹಾಗಾಗುತ್ತದೆ. ಪ್ರತಿ ಪದಕ್ಕೂ ಮನೆಯಲ್ಲಿ ಆಡುವಂಥ ಒಂದು ವಾಕ್ಯ ಇರಲಿ.

ತಿಂಗಳಿಗಾಗುವಷ್ಟು ಪದಗಳನ್ನು ಮೊದಲೇ ಜೋಡಿಸಿಟ್ಟರೂ ಬೆಳಿಗ್ಗೆ ಒಮ್ಮೆ ಸುದ್ದಿ ನೋಡಿ. ದೊಡ್ಡ ಅಪಘಾತವಾದ ದಿನ ‘ಗಮ್ಮತ್ತು’ ಬಂದರೆ ಬೈಸಿಕೊಳ್ಳುತ್ತೀರಿ.