ಕಣ್ಣಿನ ತಪಾಸಣೆಗೆ ಹನಿ ಹಾಕಿದ ಮೇಲೆ ಹತ್ತಿರದ ಅಕ್ಷರ ಏಕೆ ಮಸುಕಾಗುತ್ತದೆ?

ಟ್ರೋಪಿಕಮೈಡ್‌ನಂಥ ಹನಿ ಪಾಪೆಯನ್ನು ಎಳೆದು ಅಗಲಿಸುವುದಿಲ್ಲ. ಅದನ್ನು ಕಿರಿದಾಗಿಸುವ ನರದ ಆದೇಶವನ್ನು ತಡೆಯುತ್ತದೆ. ಹತ್ತಿರದ ನೋಟವೂ ಅದೇ ಆದೇಶವನ್ನು ನೆಚ್ಚಿಕೊಂಡಿರುವುದರಿಂದ ಜೊತೆಗೇ ಕೈಕೊಡುತ್ತದೆ.

ನಮ್ಮ ಅಪ್ಪಣೆಗೆ ಕಾಯದೆ ನಡೆಯುವ ಸ್ವಾಯತ್ತ ನರವ್ಯೂಹಕ್ಕೆ ಎರಡು ಕವಲು. ಸಿಂಪಥೆಟಿಕ್ ನರಗಳು ಪಾಪೆಯನ್ನು ಹಿಗ್ಗಿಸುತ್ತವೆ, ಪ್ಯಾರಾಸಿಂಪಥೆಟಿಕ್ ನರಗಳು ಕುಗ್ಗಿಸುತ್ತವೆ. ಈ ಎರಡನೆಯವು ತಮ್ಮ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ಸ್ನಾಯುವಿನ ಗ್ರಾಹಕಗಳಿಗೆ (ಸಂಕೇತ ಹಿಡಿಯುವ ತಾಣಗಳಿಗೆ) ಅಂಟಿಕೊಂಡಾಗ ಸ್ನಾಯು ಸಂಕುಚಿಸುತ್ತದೆ. ಹನಿಯಲ್ಲಿರುವ ಔಷಧ ಆ ಜಾಗವನ್ನು ಮೊದಲೇ ಆಕ್ರಮಿಸಿ ಸುಮ್ಮನೆ ಕೂರುತ್ತದೆ, ಬೀಗದಲ್ಲಿ ಸಿಕ್ಕಿಕೊಂಡ ತಿರುಗದ ಕೀಲಿಯಂತೆ. ಎದುರಾಳಿಯಿಲ್ಲದ ಸಿಂಪಥೆಟಿಕ್ ಎಳೆತ ಗೆಲ್ಲುತ್ತದೆ, ಪಾಪೆ ಅಗಲವಾಗುತ್ತದೆ, ಬೆಳಕು ಕಣ್ಣು ಕುಕ್ಕುತ್ತದೆ.

ಮಸೂರವನ್ನು ಉಬ್ಬಿಸಿ ಸಣ್ಣ ಅಕ್ಷರವನ್ನು ಸ್ಫುಟಗೊಳಿಸುವ ಒಳಸ್ನಾಯುವಿಗೂ ಇದೇ ಗ್ರಾಹಕ. ಅದು ಸಡಿಲವಾದರೆ ಮೊಬೈಲ್ ಪರದೆ ಮಬ್ಬು, ದೂರದ ಫಲಕ ಬಹುಮಟ್ಟಿಗೆ ಸ್ಪಷ್ಟ (ಹತ್ತಿರದ್ದು ಮಸುಕಾಗಿ ಕಾಣುವ ದೂರದೃಷ್ಟಿ ದೋಷವಿರುವವರಿಗೆ ಅದೂ ಅಷ್ಟಕ್ಕಷ್ಟೆ).

ಟ್ರೋಪಿಕಮೈಡ್‌ನ ಪ್ರಭಾವ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ; ಅದೇ ಬಗೆಯ ಅಟ್ರೋಪಿನ್ ಹಾಕಿದರೆ ವಾರಕ್ಕೂ ಹೆಚ್ಚು ಕಾಲ ಉಳಿಯಬಹುದು. ಫಿನೈಲೆಫ್ರಿನ್ ಹನಿಯ ದಾರಿಯೇ ಬೇರೆ: ಅದು ಸಿಂಪಥೆಟಿಕ್ ಗ್ರಾಹಕಗಳನ್ನೇ ಪ್ರಚೋದಿಸುತ್ತದೆ, ಆದ್ದರಿಂದ ಪಾಪೆ ಹಿಗ್ಗಿದರೂ ಓದುವ ನೋಟ ಅಷ್ಟಾಗಿ ಕೆಡುವುದಿಲ್ಲ.